ಕಕ್ಕು ಹಾಕಿದ ಕಲ್ಲು

ಮಾಳವ್ವನ ಕೈಲಿ ಆಗುವುದಿಲ್ಲ ಎಂದವನು ರೇವಣಯ್ಯ. ಹೊಳೆದಂಡೆಯ ಆ ಆಶ್ರಮದಲ್ಲಿ ಅವನೇ ಹಿರಿಯ ಶಿಷ್ಯ.

"ಬೀಸುವ ಕಲ್ಲಿಗೆ ಕಕ್ಕು ಹಾಕೋಳು ಮಕ್ಕಳಿಗೆ ಪಾಠ ಹೇಳ್ತಾಳಂತೆ! ಉಳಿ ಹಿಡಿದ ಕೈ ಬಳಪ ಹಿಡಿದೀತೇ ಅಜ್ಜಾ?" ಎಂದು ಗುರು ಹಾಲಯ್ಯನ ಎದುರಿಗೇ ನಕ್ಕಿದ್ದ.

ಸವೆದು ನುಣುಪಾದ ಬೀಸುವ ಕಲ್ಲಿನಲ್ಲಿ ಕಾಳು ಜಾರುತ್ತದೆ, ಹಿಟ್ಟಾಗುವುದಿಲ್ಲ. ಉಳಿಯಿಂದ ಸಣ್ಣ ಸಣ್ಣ ಗುಳಿ ಹೊಡೆದು ಅದನ್ನು ಮತ್ತೆ ಒರಟು ಮಾಡುವುದೇ ಕಕ್ಕು ಹಾಕುವುದು. ಮಾಳವ್ವ ಹುಟ್ಟಿ ಬೆಳೆದದ್ದು ಆ ಕಸುಬಿನಲ್ಲಿ, ಆಶ್ರಮಕ್ಕೆ ಬಂದದ್ದೂ ಅದಕ್ಕೇ.

ಅವಳಿಗೆ ಅಕ್ಷರ ಯಾರೂ ಕಲಿಸಲಿಲ್ಲ. ಆಶ್ರಮದ ಹಾಸುಗಲ್ಲುಗಳ ಮೇಲೆ ದಾನ ಕೊಟ್ಟವರ ಹೆಸರು ಕೆತ್ತಿದ್ದರು. ಕೇಳಿ ಗೊತ್ತಿದ್ದ ಆ ಹೆಸರುಗಳನ್ನು ಕೆಲಸ ಮುಗಿದ ಮೇಲೆ ಬೆರಳಿನಿಂದ ತಡವಿ ತಡವಿ ಕಲಿತಳು. ಆಮೇಲೆ ಆಶ್ರಮದಲ್ಲಿದ್ದ ಪುಸ್ತಕಗಳನ್ನು ಒಂದೂ ಬಿಡದೆ ಓದಿದಳು. ಯಾರ ಹತ್ತಿರವೂ ಅರ್ಥ ಕೇಳಲಿಲ್ಲ.

ಹಾಲಯ್ಯಜ್ಜ ಅವಳನ್ನು ಕರೆದ.

"ವಸ್ತು ಯಾಕೆ ಓಡುತ್ತೆ, ಯಾಕೆ ನಿಲ್ಲುತ್ತೆ ಅಂತ ಮಕ್ಕಳಿಗೆ ತಿಳಿಸಿಕೊಡು. ಹುಣ್ಣಿಮೆಗೆ ಬಂದು ನೋಡ್ತೀನಿ. ಸರಿಹೋದರೆ ಆಶ್ರಮದ ಶಾಲೆ ನಿನ್ನ ಕೈಗೆ."

"ಸರಿಹೋಗದಿದ್ದರೆ?" ರೇವಣಯ್ಯ ಕೇಳಿದ.

"ಉಳಿ ಎತ್ಕೊಂಡು ಬಂದ ದಾರಿ ಹಿಡೀತೀನಿ," ಎಂದವಳು ಮಾಳವ್ವನೇ.

ಹೊಳೆಗೆ ಇಳಿಯುವಲ್ಲಿ ಅಗಲವಾದ ಕಲ್ಲಿನ ಇಳಿಜಾರು ಇತ್ತು. ಮಕ್ಕಳು ನೀರು ತರುತ್ತಿದ್ದದ್ದು ಅದರ ಮೇಲಿಂದಲೇ. ವರ್ಷಕ್ಕೊಮ್ಮೆ ಅದಕ್ಕೂ ಕಕ್ಕು ಹಾಕುವುದು ಆಶ್ರಮದ ಪದ್ಧತಿ. ಹಾಕುತ್ತಿದ್ದವಳೂ ಅವಳೇ.

ಈ ವರ್ಷ ಅವಳು ಉಳಿ ಮುಟ್ಟಲಿಲ್ಲ. ಇಳಿಜಾರಿನ ಎಡಮಗ್ಗುಲನ್ನು ಒರಟಾಗಿಯೇ ಬಿಟ್ಟಳು. ಬಲಮಗ್ಗುಲಿಗೆ ಮರಳು ಹಾಕಿ ಉಜ್ಜಿದಳು. ಅಂಗೈ ಸುಲಿಯುವ ತನಕ ಉಜ್ಜಿ, ಮೇಲೆ ಜೇನುಮೇಣ ಸವರಿದಳು. ಕಲ್ಲು ಕನ್ನಡಿಯಾಯಿತು.

ಬರಿಗಾಲಲ್ಲಿ ಹತ್ತಿ ಇಳಿದು ನೋಡಿದಳು. ಕಲ್ಲು ಒಣಗಿತ್ತು, ಅವಳ ಹಿಮ್ಮಡಿ ಮೊದಲೇ ಒಡೆದು ಒರಟಾಗಿತ್ತು. ಜಾರಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಮಕ್ಕಳು ಸೇರಿದರು. ಅಜ್ಜ ಬಂದು ಬೇವಿನ ಕಟ್ಟೆಯ ಮೇಲೆ ಕೂತ. ರೇವಣಯ್ಯ ಕೈಕಟ್ಟಿ ಹಿಂದೆ ನಿಂತ.

ಮಾಳವ್ವ ಒಂದು ಮರದ ಬಿಲ್ಲೆಯನ್ನು ಎಡಮಗ್ಗುಲಿನಲ್ಲಿ ತಳ್ಳಿದಳು. ಅದು ಗರಗರ ಎಂದು ಅರ್ಧದಲ್ಲೇ ನಿಂತಿತು.

"ಅಯ್ಯೋ ಅಕ್ಕಾ, ಇದು ರೇವಣಯ್ಯಪ್ಪೋರ ಥರ! ಕೂತಲ್ಲೇ ಕೂತುಬಿಡ್ತು!" ಎಂದಳು ಪಾರಿ ಎಂಬ ಹುಡುಗಿ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ಬಲಮಗ್ಗುಲಿನಲ್ಲಿ ತಳ್ಳಿದಳು. ಬಿಲ್ಲೆ ಸದ್ದಿಲ್ಲದೆ ಜಾರಿ ಹೊಳೆಗೆ ಹಾರಿತು.

"ಹೋ!" ಎಂದು ಮಕ್ಕಳು ಕುಣಿದರು.

"ಬಿಲ್ಲೆ ಒಂದೇ, ಇಳಿಜಾರು ಒಂದೇ. ಬೇರೆ ಆಗಿದ್ದೇನು?" ಮಾಳವ್ವ ಕೇಳಿದಳು.

"ಕಲ್ಲಿನ ಮೈ!"

"ಹಾಂ. ನುಣುಪು ದಾರಿ ಬಿಡುತ್ತೆ. ಒರಟಾದದ್ದು ಕೈ ಹಿಡಿದು ಎಳೆಯುತ್ತೆ. ಒರಟು ಅಂದರೆ ಅಡ್ಡಿ." ಹಾಗೆನ್ನುವಾಗ ಅವಳು ನೋಡಿದ್ದು ರೇವಣಯ್ಯನನ್ನು.

ಅಜ್ಜ ಕೇಳಿದ, "ಒರಟು ಯಾತಕ್ಕೂ ಬೇಡವೇ?"

"ಬೇಡ ಅಜ್ಜಾ."

"ಯೋಚನೆ ಮಾಡಿ ಹೇಳು. ಇದೇ ಕಲ್ಲಿಗೆ ನೀನೇ ಕಕ್ಕು ಹಾಕ್ತಿದ್ದವಳು."

ಆ ಮಾತು ಮಾಳವ್ವನಿಗೆ ಮುಳ್ಳಿನಂತೆ ಚುಚ್ಚಿತು. ಇಷ್ಟು ಪುಸ್ತಕ ಓದಿದ ಮೇಲೂ ಮತ್ತೆ ಅದೇ ಉಳಿ, ಅದೇ ಕಲ್ಲು!

"ಅದು ಹಳೇ ಮಾತು. ನಾಳೆಯಿಂದ ಮಕ್ಕಳು ಈ ನುಣುಪಿನ ಮೇಲೇ ನೀರು ತರಲಿ. ಬೆಣ್ಣೆ ಹಾಗಿದೆ."

"ನಾಳೆ ಯಾಕೆ?" ಎಂದು ಪಾರಿ ಆಗಲೇ ಕೊಡ ಎತ್ತಿಕೊಂಡಿದ್ದಳು.

ಅಜ್ಜ ಎದ್ದು ಬಂದು ಅವಳ ಸೊಂಟದಿಂದ ಕೊಡ ತೆಗೆದುಕೊಂಡ. "ಮೊದಲು ನಾನು ಹೋಗಿ ಬರ್ತೀನಿ. ಹೋಗಲೇ ಮಾಳವ್ವಾ?"

ಅವಳು ತಡೆಯಬಹುದಿತ್ತು. ತಡೆಯಲಿಲ್ಲ.

"ಹೋಗಿ ಬನ್ನಿ ಅಜ್ಜಾ."

ಅಜ್ಜ ಬಲಮಗ್ಗುಲಲ್ಲೇ ಮೆಲ್ಲಗೆ ಇಳಿದ. ಒಣಕಲ್ಲು, ಖಾಲಿ ಕೊಡ. ಏನೂ ಆಗಲಿಲ್ಲ. ಮಾಳವ್ವ ತಲೆಯೆತ್ತಿ ರೇವಣಯ್ಯನ ಕಡೆ ತಿರುಗಿ ನಕ್ಕಳು.

ಅಜ್ಜ ಕೊಡ ತುಂಬಿಕೊಂಡು ಹತ್ತತೊಡಗಿದ. ಕಾಲು ಒದ್ದೆ. ಹೆಜ್ಜೆ ಹೆಜ್ಜೆಗೂ ಕೊಡದ ನೀರು ತುಳುಕಿ ಕಲ್ಲಿನ ಮೇಲೆ ಬಿತ್ತು.

ಎರಡೂ ಕಾಲು ಒಟ್ಟಿಗೇ ಜಾರಿದವು.

ಕೊಡ ಕಲ್ಲಿಗೆ ಬಡಿದ ಸದ್ದು ಆಚೆ ದಡಕ್ಕೆ ಹೋಗಿ ಬಂತು. ಅದರ ಜೊತೆಗೇ ಇನ್ನೊಂದು ಸದ್ದು. ಒಣಗಿದ ಕೊಂಬೆ ಮುರಿದಂತೆ.

ಪಾರಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು.

"ಅಜ್ಜಾ!" ಎಂದು ಮಾಳವ್ವ ನುಗ್ಗಿದಳು. ಅವಳೇ ಉಜ್ಜಿದ ಕಲ್ಲು ಅವಳನ್ನೂ ಬೀಳಿಸಿತು. ಏಳಲು ಹೋದಳು, ಮತ್ತೆ ಬಿದ್ದಳು. ಅಜ್ಜ ಕೈಯಳತೆಯಲ್ಲಿದ್ದ, ಕೈಗೆ ಸಿಗಲಿಲ್ಲ. ಹಿಡಿದುಕೊಳ್ಳಲು ಆ ಕಲ್ಲಿನಲ್ಲಿ ಒಂದು ಗುಳಿಯನ್ನೂ ಅವಳು ಉಳಿಸಿರಲಿಲ್ಲ.

ಕೊನೆಗೆ ಎಡಮಗ್ಗುಲಿಗೆ ಹೊರಳಿಕೊಂಡಳು. ಅಲ್ಲಿ ಹಳೆಯ ಕಕ್ಕು ಅವಳ ಮೊಣಕಾಲನ್ನು ತರಚಿ ಹಿಡಿಯಿತು. ಅದನ್ನೇ ಊರಿ ಕೈ ಚಾಚಿದಳು. ಅಜ್ಜನನ್ನು ಎಳೆದು ಬೆನ್ನಿಗೆ ಹಾಕಿಕೊಂಡಳು.

ಹತ್ತುವಾಗ ಅಜ್ಜ ಅವಳ ಕಿವಿಯ ಹತ್ತಿರ ಕೇಳಿದ, "ಯಾವ ಮಗ್ಗುಲಲ್ಲಿ ಹತ್ತುತ್ತಿದ್ದೀ?"

ಅವಳು ಮುಂದಿನ ಗುಳಿಯಲ್ಲಿ ಹೆಬ್ಬೆರಳು ಊರಿ ಹತ್ತಿದಳು.

ಮೂಳೆ ಕಟ್ಟುವವನು ಬಂದು ಬಿದಿರಿನ ದಬ್ಬೆ ಇಟ್ಟು ಬಿಗಿದ. "ಮೂಳೆ ಕೂಡುತ್ತೆ. ಮೊಣಕಾಲು ಇನ್ನು ಮಡಚೋಲ್ಲ," ಎಂದ.

"ನಾನು ಹೇಳಿರಲಿಲ್ಲವೇ?" ಎಂದ ರೇವಣಯ್ಯ. ಮಾಳವ್ವ ಎದ್ದು ತನ್ನ ಉಳಿ ಹುಡುಕಲು ಹೋದಳು.

ಮರುದಿನ ಬೆಳಕು ಹರಿಯುವಾಗ ಇಳಿಜಾರಿನಿಂದ ಉಳಿಯ ಸದ್ದು ಕೇಳಿತು. ಮಕ್ಕಳು ಒಬ್ಬೊಬ್ಬರೇ ಹೋಗಿ ಸುತ್ತ ಕೂತರು.

ಬಿಸಿಲೇರಿದ ಮೇಲೆ ಅವಳು ಅಜ್ಜನ ಹಾಸಿಗೆಯ ಬಳಿಗೆ ಬಂದಳು. ಬಗಲಲ್ಲಿ ಉಳಿಯ ಗಂಟು ಇತ್ತು. ರೇವಣಯ್ಯ ಅಲ್ಲೇ ಬೀಸಣಿಗೆ ಬೀಸುತ್ತಿದ್ದ.

"ಎಲ್ಲಿಗೆ ಹೊರಟೆ?" ಅಜ್ಜ ಕೇಳಿದ.

"ಬಂದ ದಾರಿಗೆ."

"ಇಳಿಜಾರು?"

"ಪೂರ್ತಿ ಕಕ್ಕು ಹಾಕಿದೆ."

"ಮಕ್ಕಳು ಯಾಕೆ ಅಂತ ಕೇಳಲಿಲ್ಲವೇ?"

"ಕೇಳಿದರು."

"ಏನಂದೆ?"

ಮಾಳವ್ವ ನೆಲ ನೋಡಿದಳು. "ಒರಟು ಅಡ್ಡಿ ಅಂತ ನಾನು ಹೇಳಿದ್ದು ತಪ್ಪು ಅಂದೆ. ಬಿಲ್ಲೆಯನ್ನು ನಿಲ್ಲಿಸೋದೂ ಅದೇ, ನಮ್ಮ ಕಾಲನ್ನು ನಡೆಸೋದೂ ಅದೇ ಅಂದೆ."

"ಯಾವಾಗ ಅಂದಳು? ನಿಮ್ಮ ಕಾಲು ಮುರಿದ ಮೇಲೆ!" ಎಂದ ರೇವಣಯ್ಯ.

ಅಜ್ಜ ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ. ಆಮೇಲೆ ಕೈ ಚಾಚಿ ಅವಳ ಬಗಲಿನ ಗಂಟನ್ನು ತೆಗೆದು ತನ್ನ ತಲೆದಿಂಬಿನ ಪಕ್ಕಕ್ಕೆ ಇಟ್ಟುಕೊಂಡ.

"ಶಾಲೆ ಇನ್ನು ನಿನ್ನದು ಮಾಳವ್ವಾ. ನೀನು ಕಲಿತ ಪಾಠಕ್ಕೆ ಬೆಲೆ ನನ್ನ ಕಾಲು, ಕೊಟ್ಟಾಗಿದೆ. ನೀನು ಬೇಡ ಅಂದರೂ ವಾಪಸು ಇಸ್ಕೊಳ್ಳೋಕೆ ಆಗಲ್ಲ."