ಚಪ್ಪಲಿಯ ಪಕ್ಕದವರು

"ಗುರುಗಳೇ, ಚಿಕ್ಕಂದಿನಲ್ಲಿ ನಾಲ್ಕು ಜನರ ಮುಂದೆ ಆದ ಅವಮಾನ, ಗುರುತು ಪರಿಚಯ ಇಲ್ಲದವರ ಜೊತೆ ಫೋನಿನಲ್ಲಿ ಮಾತಾಡಿದರೆ ವಾಸಿಯಾಗುತ್ತದೆಯೇ?" ಎಂದು ಶಿಷ್ಯ ಹಾಲಪ್ಪ ಬಾಗಿಲ ಬಳಿಯಿಂದಲೇ ಕೇಳಿದ. "ಅಂಥದೊಂದು ಗುಂಪಿಗೆ ಸೇರು ಅಂತ ಅಕ್ಕ ದುಂಬಾಲು ಬಿದ್ದಿದ್ದಾಳೆ. ನನಗೋ ನಗು ಬರುತ್ತದೆ."

"ಬಂದರೆ ನಗು, ಅದಕ್ಕೂ ನನ್ನ ಅಪ್ಪಣೆ ಬೇಕೇ?" ಎಂದು ಗುರುಗಳು ಕತೆ ಶುರು ಮಾಡಿದರು.

ಒಬ್ಬ ಕೊಡೆ ರಿಪೇರಿಯವನಿದ್ದ. ಶಾಲೆಯಲ್ಲಿ ಅವನ ಜಾತಿ ನೋಡಿ ಬಾಗಿಲ ಆಚೆ, ಚಪ್ಪಲಿ ಬಿಡುವಲ್ಲಿ ಕೂರಿಸುತ್ತಿದ್ದರು. ಬಾಯಾರಿದರೆ ಲೋಟ ಕೊಡದೆ ಮೇಲಿನಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಹುಡುಗರು "ಚಪ್ಪಲಿ ಸಾಹುಕಾರ" ಎಂದು ಕರೆದು ಕುಣಿಯುತ್ತಿದ್ದರು. ಆ ಶಾಲೆ ಮುಚ್ಚಿತು, ಮೇಷ್ಟ್ರು ಸತ್ತರು, ಹುಡುಗರ ತಲೆ ನರೆಯಿತು. ಇವನು ಮಾತ್ರ ಚಪ್ಪಲಿಯ ಪಕ್ಕದಿಂದ ಏಳಲೇ ಇಲ್ಲ. ಎಲ್ಲಿಗೆ ಹೋದರೂ ಕಾಲು ತಾನಾಗಿ ಅಲ್ಲೇ ನಿಲ್ಲುತ್ತಿತ್ತು. ತಂಗಿಯ ಮಗಳ ಮದುವೆಯಲ್ಲೂ ಅಲ್ಲೇ ಕೂತ. ಬಂದವರು ಕಾವಲಿನವನೆಂದು ತಿಳಿದು "ನೋಡ್ಕೊಳ್ಳಪ್ಪ" ಎಂದು ಒಳಗೆ ಹೋದರು. ಪುಣ್ಯಾತ್ಮ, ನೋಡಿಕೊಂಡ! ಒಬ್ಬರ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು, ಅದನ್ನೂ ಹೊಲಿದಿಟ್ಟ. ಊಟಕ್ಕೆ ಕರೆದರೆ, ಇದನ್ನೆಲ್ಲ ಯಾರು ಕಾಯುತ್ತಾರೆ ಎಂದು ಬೇರೆ ಕೇಳಿದ.

ಅಷ್ಟರಲ್ಲಿ ಅವನ ಮಗಳ ಮದುವೆಯೇ ಗೊತ್ತಾಯಿತು. ಧಾರೆ ಎರೆಯಬೇಕಾದವನು ತಂದೆ. ಮಂಟಪದ ನಡುವೆ, ಎಲ್ಲರ ಕಣ್ಣೆದುರು ಕೂರಬೇಕು. "ನಿನ್ನ ಸೋದರಮಾವನೇ ಎರೀಲಿ ಬಿಡವ್ವಾ" ಎಂದ.

ಮಗಳು ಬಿಡುವ ಪೈಕಿಯಲ್ಲ. "ನೀನು ಚಪ್ಪಲಿ ಹತ್ರ ಕೂತ್ರೆ ನಾನೂ ಅಲ್ಲೇ ತಾಳಿ ಕಟ್ಟಿಸ್ಕೋತೀನಪ್ಪಾ, ನೋಡ್ತಿರು" ಎಂದಳು. ಅಷ್ಟಕ್ಕೇ ಸುಮ್ಮನಾಗದೆ ಅವನ ಫೋನ್ ಕಸಿದು, ಇಂಥ ನೋವು ಉಂಡವರು ತಾವೇ ಕಟ್ಟಿಕೊಂಡಿದ್ದ ಒಂದು ಗುಂಪಿಗೆ ಸೇರಿಸಿದಳು. ಭಾನುವಾರ ಭಾನುವಾರ ವಿಡಿಯೋದಲ್ಲಿ ಸೇರುವ ಗುಂಪು.

ಮೊದಲ ಭಾನುವಾರ ಅವನು ಕೈಕಾಲು ತೊಳೆದು ಫೋನಿನ ಮುಂದೆ ಕೂತ, ಅದೂ ಒಂದು ಪಕ್ಕಕ್ಕೆ ಸರಿದು. ಪರದೆಯ ಮೇಲೆ ಹತ್ತು ಚೌಕ. ಒಂದರಲ್ಲಿ ಒಬ್ಬ ಹೆಂಗಸಿನ ಬರೀ ಕಿವಿ. ಇನ್ನೊಂದರಲ್ಲಿ ಫ್ಯಾನು. ಮತ್ತೊಂದರ ಅಂಚಿನಲ್ಲಿ ಅರ್ಧ ಬೋಳುತಲೆ. ನಡುವೆ ಒಬ್ಬರೂ ಇಲ್ಲ! ಎಲ್ಲರೂ ಫೋನಿನೊಳಗೂ ಚಪ್ಪಲಿ ಬಿಡುವ ಜಾಗವನ್ನೇ ಹುಡುಕಿಕೊಂಡು ಕೂತಿದ್ದರು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕಿವಿ ನಕ್ಕಿತು. ಫ್ಯಾನೂ ನಕ್ಕಿತು. ನಗು ಮುಗಿಯುವಷ್ಟರಲ್ಲಿ ಯಾರೋ ಅಳುತ್ತಿದ್ದರು. ನೋಡಿದರೆ ಅವನೇ.

ಆದದ್ದಾಯಿತು, ಮರೆತುಬಿಡು ಎಂದು ಅಲ್ಲಿ ಯಾರೂ ಬುದ್ಧಿ ಹೇಳಲಿಲ್ಲ. "ನನ್ನನ್ನ ಬಾವಿಕಟ್ಟೆ ಆಚೆ ನಿಲ್ಲಿಸ್ತಿದ್ರು. ನಿಂದು ಹೇಳಣ್ಣ, ಕೇಳ್ತೀನಿ" ಎಂದಿತು ಕಿವಿ. ಅವನು ಹೇಳಿದ. ಹೆಂಡತಿಗೂ ಹೇಳದಿದ್ದದ್ದನ್ನು ಹೇಳಿದ. ಎದೆ ಎಷ್ಟೋ ಹಗುರಾಯಿತು. ವಾರಕ್ಕೆ ಒಂದು ಬೆರಳಿನಷ್ಟು ಪರದೆಯ ನಡುವಿಗೆ ಸರಿಯಬೇಕು ಎಂದು ಎಲ್ಲರೂ ಒಪ್ಪಿಕೊಂಡರು. ಮದುವೆಯ ಹೊತ್ತಿಗೆ ಇವನ ಮುಖ ಮೂಗಿನವರೆಗೆ ಕಾಣುತ್ತಿತ್ತು. ಗುಂಪಿಗೆಲ್ಲ ಲಗ್ನಪತ್ರಿಕೆಯನ್ನೂ ಕಳಿಸಿದ್ದ.

ಮದುವೆಯ ದಿನ ಹಾಳಾದ ಕಾಲು ಮತ್ತೆ ಚಪ್ಪಲಿಯ ಹತ್ತಿರವೇ ನಿಂತುಬಿಟ್ಟಿತು. ಒಳಗಿನಿಂದ ಧಾರೆಗೆ ಹೊತ್ತಾಯಿತೆಂದು ಕೂಗುತ್ತಿದ್ದಾರೆ. ಇವನು ಬೆವರುತ್ತ ಕೆಳಗೆ ಕೂರಲು ಹೋದರೆ ಜಾಗವೇ ಇಲ್ಲ. ಏಳೆಂಟು ಜನ ಆಗಲೇ ಸಾಲಾಗಿ ಕೂತಿದ್ದಾರೆ. ಯಾರಪ್ಪಾ ಇವರು ಎಂದು ನೋಡಿದ. ಆ ಕಿವಿ ಕಂಡಿತು.

"ಅಯ್ಯೋ ನಿಮ್ಮ! ನನ್ನ ಮಗಳ ಮದುವೆಗೆ ಬಂದು ಇಲ್ಲಿ ಕೂರೋದಾ? ಏಳ್ರೀ ಮೇಲೆ!" ಎಂದು ಗದರಿಸಿದ. ಒಬ್ಬೊಬ್ಬರನ್ನೇ ಎಬ್ಬಿಸಿ ಮುಂದಿನ ಸಾಲಿಗೆ ಎಳೆದೊಯ್ದು ಕೂರಿಸಿದ. ಕೊನೆಯವರನ್ನು ಕೂರಿಸಿ ತಲೆಯೆತ್ತಿದರೆ ಮಂಟಪ ಒಂದೇ ಹೆಜ್ಜೆ. ಹತ್ತಿ ಕೂತ. ಧಾರೆ ಎರೆದ. ಹಾಲು ಒಂದು ಹನಿಯೂ ಆಚೆ ಚೆಲ್ಲಲಿಲ್ಲ.

ಹಾಲಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಎಂಥಾ ಪೆದ್ದನಪ್ಪ ಅವನು!" ಎಂದ.

ಗುರುಗಳು ತಮ್ಮ ಚಾಪೆಯಲ್ಲಿ ಸ್ವಲ್ಪ ಸರಿದು ಜಾಗ ಮಾಡಿದರು. "ಅದಿರಲಿ ಹಾಲಪ್ಪ, ಮಠಕ್ಕೆ ಬಂದ ಮೂರು ವರ್ಷದಿಂದ ನೀನು ಆ ಬಾಗಿಲಲ್ಲಿ ಕೂತು ಯಾರ ಚಪ್ಪಲಿ ಕಾಯುತ್ತಿದ್ದೀಯ?"