ದಫೇದಾರ ಸೌರಪ್ಪನ ಪ್ರಾಯಶ್ಚಿತ್ತ

ಕಲ್ಲುಪಾಳ್ಯದ ಕ್ರೈಸ್ತ ದೇವಾಲಯವೆಂದರೆ ಆಗ ನಾಲ್ಕು ಮಣ್ಣಿನ ಗೋಡೆ, ಮೇಲೊಂದು ಹುಲ್ಲಿನ ಚಾವಣಿ. ಅದರ ಹಿಂದಿನ ಕೋಣೆಯಲ್ಲಿ ಪೂಜ್ಯ ಇನ್ನಾಸಪ್ಪ ಸ್ವಾಮಿಗಳು ಒಂದು ಚಾಪೆ, ಎರಡು ನಿಲುವಂಗಿ, ಒಂದು ಶಿಲುಬೆಯೊಡನೆ ವಾಸವಾಗಿದ್ದರು. ಪ್ಲೇಗು ಮೈಸೂರು ಸೀಮೆಯನ್ನು ಹೊಕ್ಕ ವರ್ಷ ಆ ಊರಿನಲ್ಲೂ ಇಲಿಗಳು ಸತ್ತು ಬಿದ್ದವು. ಊರು ಬಿಟ್ಟು ಬಯಲಿನ ಗುಡಿಸಲುಗಳಿಗೆ ಹೋಗಬೇಕೆಂದು ಸರ್ಕಾರದ ಆಜ್ಞೆಯಾಯಿತು. ಸ್ವಾಮಿಗಳು ಬಲಿಪೂಜೆಯ ಪ್ರಾರ್ಥನೆ ಮುಗಿದ ನಂತರ ಅದನ್ನು ತಾವೇ ಓದಿ, "ಇದು ಪ್ರಾಣ ಉಳಿಸುವ ಆಜ್ಞೆ, ಪಾಲಿಸೋಣ" ಎಂದರು. ಚಾಪೆ ಸುತ್ತಿಕೊಂಡು ಮೊದಲು ಹೊರಟವರೂ ಅವರೇ. ಜನ ಹಿಂಬಾಲಿಸಿದರು.

ಒಂದು ಮನೆ ಮಾತ್ರ ಉಳಿಯಿತು. ನೇಕಾರ ರಾಯಪ್ಪ ಜ್ವರದಿಂದ ಮಲಗಿದ್ದ. ಅವನ ಹೆಂಡತಿ ಮದಲೇನಮ್ಮ ಒಳಗಿನಿಂದ ಅಗಳಿ ಹಾಕಿಕೊಂಡಿದ್ದಳು. ಅವಳ ಅಣ್ಣಂದಿರಿಬ್ಬರು ದೊಣ್ಣೆ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದರು.

ಪೇದೆಗಳೊಡನೆ ಬಂದ ದಫೇದಾರ ಸೌರಪ್ಪನೂ ಕ್ರೈಸ್ತನೇ. ಅಧಿಕಾರ ದೇವರಿಂದ ಬಂದದ್ದೆಂದು ಚಿಕ್ಕಂದಿನಲ್ಲೇ ಕಲಿತಿದ್ದ. ಆದ್ದರಿಂದ ಅಧಿಕಾರದ ಕೈ ಮಾಡಿದ್ದೆಲ್ಲ ಸರಿಯೆಂದು ನಂಬಿದ್ದ.

ಸುದ್ದಿ ತಿಳಿದು ಬಂದ ಸ್ವಾಮಿಗಳು ಅಣ್ಣಂದಿರ ಕಡೆ ತಿರುಗಿ, "ದೊಣ್ಣೆ ಕೆಳಗಿಡಿ" ಎಂದರು. ಅವರು ಮನಸ್ಸಿಲ್ಲದೆ ಇಟ್ಟರು. ಕೂಡಲೇ ಸೌರಪ್ಪ ಬಾಗಿಲು ಒಡೆಯಲು ಪೇದೆಗಳಿಗೆ ಕೈಸನ್ನೆ ಮಾಡಿದ. ಸ್ವಾಮಿಗಳು ತಡೆದರು.

"ಅಧಿಕಾರ ದೇವರು ಕೊಟ್ಟದ್ದು ಅಂತ ಹೇಳೋರು ನೀವೇ ಅಲ್ವಾ ಸ್ವಾಮಿ? ಈಗ ನೀವೇ ಅಡ್ಡ ಬರ್ತೀರಾ?"

"ದೇವರು ಕೊಟ್ಟದ್ದೇ, ಸೌರಪ್ಪ. ಅದಕ್ಕೇ ಅದನ್ನು ನಿನ್ನ ಕೋಪಕ್ಕೆ ಬಳಸಬೇಡ."

ಬಳಿಕ ಅವರು ಹೊಸ್ತಿಲ ಮುಂದೆ ನೆಲದ ಮೇಲೆ ಕುಳಿತು, "ಯಾಕೆ ಬರುವುದಿಲ್ಲ ತಾಯಿ?" ಎಂದು ಕೇಳಿದರು. ಒಳಗಿನಿಂದ ಮದಲೇನಮ್ಮನ ದನಿ ಬಂತು.

"ಅಲ್ಲಿ ಸತ್ತರೆ ಸುಟ್ಟಾಕ್ತಾರಂತೆ ಸ್ವಾಮಿ. ನಮ್ಮವರಿಗೆ ಒಂದು ಸಮಾಧಿನೂ ಇರಾಕಿಲ್ವಂತೆ."

"ಹಾಗೇನಾದರೂ ಆದರೆ ನನ್ನ ಕೈಯಿಂದಲೇ ಮಣ್ಣು ಮಾಡುತ್ತೇನೆ. ಅಲ್ಲಿಯವರೆಗೆ ಅವನ ಪಕ್ಕದಲ್ಲೇ ಇರುತ್ತೇನೆ."

ಅಗಳಿ ತೆಗೆದ ಸದ್ದಾಯಿತು. ರಾಯಪ್ಪ ಮಲಗಿದ್ದ ಮಂಚದ ಒಂದು ಕಾಲನ್ನು ಸ್ವಾಮಿಗಳು ಹಿಡಿದರು, ಎರಡನ್ನು ಅಣ್ಣಂದಿರು. ನಾಲ್ಕನೆಯದಕ್ಕೆ ಯಾರೂ ಮುಂದೆ ಬರಲಿಲ್ಲ. ಸೌರಪ್ಪ ಲಾಠಿಯನ್ನು ಪೇದೆಯ ಕೈಗಿತ್ತು, ಬಂದು ಹೆಗಲು ಕೊಟ್ಟ.

ರಾಯಪ್ಪ ಮೂರನೆಯ ದಿನ ತೀರಿಕೊಂಡ. ಸ್ವಾಮಿಗಳು ಮೇಲಧಿಕಾರಿಗಳ ಅನುಮತಿ ಕೇಳಿ ಪಡೆದು, ತಾವೇ ಗುದ್ದಲಿ ಹಿಡಿದು ಕೊಟ್ಟ ಮಾತನ್ನು ನಡೆಸಿದರು. ಉಳಿದವರೆಲ್ಲ ಹೋದ ಮೇಲೂ ಸೌರಪ್ಪ ಸ್ವಾಮಿಗಳೊಡನೆ ಸಮಾಧಿಯ ಬಳಿಯೇ ನಿಂತಿದ್ದ.

"ಹೋದ ತಿಂಗಳು ಹೊಸಕಟ್ಟೆಯಲ್ಲಿ ಒಬ್ಬ ಮುದುಕನನ್ನ ಹೊಡೆದು ಹೊರಗೆ ಎಳೆದೆ ಸ್ವಾಮಿ. ಕುಂಬಾರ ಸಿದ್ದಶೆಟ್ಟಿ ಅಂತ. ಕೈ ಮುರೀತು. ಕರ್ತವ್ಯ ಅಂದ್ಕೊಂಡಿದ್ದೆ. ಏನು ಪ್ರಾಯಶ್ಚಿತ್ತ, ಹೇಳಿ."

"ಅದು ನನ್ನ ಬಳಿ ಇಲ್ಲ, ಅವನ ಬಳಿ ಇದೆ. ಸಮವಸ್ತ್ರ ತೊಟ್ಟುಕೊಂಡೇ ಹೋಗು. ಅವನನ್ನು ಹೊಡೆದದ್ದು ಅದೇ."

ಮುಂದಿನದನ್ನು ಸೌರಪ್ಪ ತನ್ನ ಇಳಿವಯಸ್ಸಿನಲ್ಲಿ ತಾನೇ ಹೇಳುತ್ತಿದ್ದ. ಅವನು ಹೊಸಕಟ್ಟೆಗೆ ಹೋಗಿ ಊರೆದುರಿಗೆ ರುಮಾಲು ತೆಗೆದು ಕ್ಷಮೆ ಕೇಳಿದಾಗ ಮುದುಕ ಮುಖ ತಿರುಗಿಸಿದನಂತೆ. ಕೈ ಸೊಟ್ಟಗೆ ಕೂಡಿಕೊಂಡಿದ್ದರಿಂದ ಆಸರೆ ಹಿಡಿಯಲಾಗದೆ ಮಣ್ಣು ತುಳಿದು ಹದ ಮಾಡಲು ಅವನಿಗೆ ಆಗುತ್ತಿರಲಿಲ್ಲ. ಸೌರಪ್ಪ ಷರಾಯಿ ಮಡಚಿ ಮಣ್ಣಿನ ಗುಂಡಿಗಿಳಿದು ತುಳಿದ. ಬಿಡುವಿದ್ದ ದಿನವೆಲ್ಲ ಹೋದ. ದಫೇದಾರಿಕೆ ಬಿಡಲಿಲ್ಲ, ಮತ್ತೆ ಯಾರ ಮೇಲೂ ಕೈಯೆತ್ತಲಿಲ್ಲ. ಐದನೆಯ ವಾರ ಮುದುಕ ಮೊದಲ ಬಾರಿಗೆ ಅವನೊಡನೆ ಮಾತಾಡಿದ:

"ಮಣ್ಣು ಗಟ್ಟಿಯಾಯ್ತು. ಇನ್ನಷ್ಟು ನೀರು ಹಾಕಪ್ಪ."