ಚಿನ್ನದ ಪೆಟ್ಟಿಗೆಯಲ್ಲಿ ಸತ್ತ ಬೀಜ

"ಕೇಳಿರಪ್ಪೋ ಕೇಳಿರಿ! ಅರಸಿ ಪದುಮಲೆದೇವಿಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಉಂಟು, ತಪ್ಪಿದವರಿಗೆ ತಲೆ ಉಳಿಯದು!"

ಡಂಗುರ ಸಂತೆಬೀದಿಗೆ ಬಂದಾಗ ಜವರ ತನ್ನ ರಾಗಿ ಅಂಬಲಿಯ ಗಡಿಗೆಯ ಮುಂದೆ ನೊಣ ಓಡಿಸುತ್ತ ಕೂತಿದ್ದ. ಅರಮನೆಯವರು ಬಿಳಿ ಅಕ್ಕಿಯ ಊಟ ಹಿಡಿದ ಮೇಲೆ ಊರಿಗೆಲ್ಲ ಅದೇ ಬೇಕಾಗಿತ್ತು. ನಾಡಿನಲ್ಲಿ ಗಿಡ್ಡ ರಾಗಿಯ ಬೀಜ ಉಳಿದಿದ್ದು ಅವನ ತಾಯಿಯ ಮಡಕೆಯೊಂದರಲ್ಲೇ. "ಈ ಸಲ ಬಿತ್ತೋದು ಬೇಡ ಮಗ, ಯಾರು ತಿನ್ನೋರು?" ಎಂದು ಅವಳು ಬೆಳಗ್ಗೆಯಷ್ಟೇ ಅಂದಿದ್ದಳು. ಜವರ ಗಡಿಗೆಗೆ ಮುಚ್ಚಳ ಹಾಕಿ ಅರಮನೆಗೆ ನಡೆದ.

"ತಿಂದರೆ ಬದುಕುತ್ತದೆ, ಬೀಗ ಹಾಕಿ ಕಾದರೆ ಸಾಯುತ್ತದೆ. ಏನದು?" ಎಂದಳು ಅರಸಿ.

"ವಿದ್ಯೆ" ಎಂದ ನೆರೆನಾಡಿನ ರಾಜಕುಮಾರ.

"ವಿದ್ಯೆ ತಿಂದವರನ್ನು ನಾನು ಕಾಣೆ." ಸಂಜೆಯ ತಲೆದಂಡಕ್ಕೆಂದು ಭಟರು ಅವನನ್ನು ಸೆರೆಗೆ ಒಯ್ದರು. "ಆಸೆ" ಎಂದ ರತ್ನದ ವ್ಯಾಪಾರಿಯೂ ಹಿಂದೆಯೇ ಹೋದ.

"ಬಿತ್ತನೆ ಬೀಜ, ತಾಯಿ" ಎಂದ ಜವರ. "ಉಣ್ಣೋರಿದ್ದರೆ ವರ್ಷ ವರ್ಷ ಬಿತ್ತುತ್ತೇವೆ, ಹೊಸ ಬೀಜ ಆಗುತ್ತದೆ. ಬೂದಿ ಬೆರೆಸಿಟ್ಟರೂ ನಮ್ಮವ್ವ ಎರಡು ಮಳೆಗಾಲ ದಾಟಿಸಲಾರಳು."

ಅರಸಿ ಎರಡನೆಯದನ್ನು ಕೇಳಿದಳು: "ನೇಗಿಲು ಮುಟ್ಟದವನು, ಆದರೆ ಹೊಲದಲ್ಲಿ ಏನು ಬೆಳೆಯಬೇಕೆಂದು ಹೇಳುವವನು. ಯಾರವನು?"

"ಮಂತ್ರಿಗಳು ಅನ್ನೋ!" ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು.

"ಸಂತೆಯಲ್ಲಿ ಕೊಳ್ಳಲು ಚೀಲ ಹಿಡಿದು ನಿಂತವನು" ಎಂದ ಜವರ. " ಅವನು ಕೇಳಿದ್ದನ್ನೇ ರೈತ ಬೆಳೆಯುತ್ತಾನೆ."

ಅರಸಿ ಪಕ್ಕದ ಚಿನ್ನದ ಪೆಟ್ಟಿಗೆ ತೆರೆದಳು. ಒಳಗೆ ಬೀಜದ ನಲವತ್ತು ಗಂಟು. "ನಾಡಿನ ನಲವತ್ತು ತಳಿ. ಹನ್ನೆರಡು ವರ್ಷ ಜೋಪಾನ ಮಾಡಿದೆ. ಈ ಸಲ ಬಿತ್ತಿದರೆ ಒಂದೂ ಮೊಳೆಯಲಿಲ್ಲ. ಕತ್ತಿ ಎತ್ತದೆ ಇವನ್ನು ಕೊಂದವರು ಯಾರು?"

ಜವರ ಲೆಕ್ಕ ಹಾಕಿದ. ತಪ್ಪು ಹೇಳಿದರೆ ತಲೆ ಹೋಗುತ್ತದೆ, ಸರಿ ಹೇಳಿದರೂ ಹೋದೀತು.

"ತಮ್ಮ ನಾಲಗೆ, ತಾಯಿ. ಅದಕ್ಕೆ ಬಿಳಿ ಅಕ್ಕಿಯೊಂದೇ ರುಚಿಸಿತು. ತಾವು ಬಿಟ್ಟದ್ದನ್ನು ಊರು ಬಿಟ್ಟಿತು, ಊರು ಬಿಟ್ಟದ್ದನ್ನು ಹೊಲ ಮರೆಯಿತು."

ಅರಸಿ ಪೆಟ್ಟಿಗೆಯ ಮುಚ್ಚಳ ಹಾಕಿದಳು.

"ಉತ್ತರ ನನಗೂ ಗೊತ್ತಿತ್ತಪ್ಪ, ಹೇಳುವವರು ಬೇಕಿತ್ತು. ಏನು ಬೇಕು, ಅರ್ಧ ರಾಜ್ಯವೇ?"

"ಸೆರೆಯಲ್ಲಿರುವ ಇಬ್ಬರನ್ನು ಬಿಡಿ. ಆಮೇಲೆ ಪ್ರತಿ ಸಂತೆಗೂ ಬಂದು, ಎಲ್ಲರೂ ಕಾಣುವಂತೆ, ನನ್ನ ಹತ್ತಿರ ಒಂದು ಬಟ್ಟಲು ಅಂಬಲಿ ಕುಡಿಯಿರಿ."

ಮುಂದಿನ ಸಂತೆಗೆ ಅರಸಿ ಬಂದಳು, ಕುಡಿದಳು, ಈರುಳ್ಳಿ ಕೇಳಿ ಇನ್ನೊಂದು ಬಟ್ಟಲು ಹಾಕಿಸಿಕೊಂಡಳು. ಮಧ್ಯಾಹ್ನದೊಳಗೆ ಗಡಿಗೆಯ ಮುಂದೆ ಸಾಲು ನಿಂತಿತು. ಜವರನ ತಾಯಿ ಅಟ್ಟದಿಂದ ಬೀಜದ ಮಡಕೆ ಇಳಿಸಿದಳಂತೆ.

ಸಾಲಿನಲ್ಲಿದ್ದ ಮುದುಕಿಯೊಬ್ಬಳು, "ನಮ್ಮನೇಲಿ ಒಂದು ಮಡಕೆ ಕರಿಸಾಮೆ ಐತೆ. ಉಣ್ಣೋರಿದ್ರೆ ಬಿತ್ತುತೀನಿ" ಅಂದಳು.

ಅರಸಿ ಬಟ್ಟಲು ಕೆಳಗಿಟ್ಟು, "ನಾನಿದ್ದೀನಿ" ಅಂದಳು.